ಮುಳುಗದೇ ಹೋದ ಊರು

ಹಿನ್ನೀರಿನ ದಂಡೆಯ ಮೇಲೊಂದು ತಗಡಿನ ಮನೆ. ಅಲ್ಲಿ ಅಡಿವೆಪ್ಪ ಗುರುಗಳು ಇರುತ್ತಿದ್ದರು. ವೀಡಿಯೊ ಗೇಮ್‌ಗಳಿಗೆ ಕಥೆ ಕಟ್ಟುವ ವಿದ್ಯೆ ಕಲಿಯಬೇಕೆಂದವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಹೆಚ್ಚಿನವರು ಬಂದ ಹಾಗೇ ಹೋಗುತ್ತಿದ್ದರು. ಕಲ್ಮೇಶ ಮಾತ್ರ ಉಳಿದುಕೊಂಡ.

‘ಹಂಸಗಡ’ ಎಂಬ ಆಟವನ್ನು ಮೊದಲು ಕಟ್ಟಿದವರು ಗುರುಗಳೇ. ರಾಜರು, ಮಾಟಗಾತಿಯರು, ಮಾತಾಡುವ ಹಕ್ಕಿಗಳು ಇರುವ ಆಟ. ಒಂದರ ಹಿಂದೊಂದು ಭಾಗ ಬರುತ್ತಲೇ ಇತ್ತು. ಚಿಕ್ಕಂದಿನಲ್ಲಿ ಅದನ್ನು ಆಡಿದವರ ಮಕ್ಕಳು ಈಗ ಆಡುತ್ತಿದ್ದರು.

ಮೊದಲ ಐದು ಭಾಗ ಗುರುಗಳವೇ. ಆಮೇಲೆ ಎಷ್ಟೋ ಕೈ ಬದಲಾಗಿ, ಕಥೆಯ ಕಾಲಕ್ರಮ ಗೋಜಲಾಗಿದೆ ಎಂಬ ಕೂಗು ಎದ್ದಿತ್ತು. ಮೂರನೇ ಭಾಗದಲ್ಲಿ ಮುಳುಗಿದ ಊರು ಐದನೇ ಭಾಗದಲ್ಲಿ ನೆಟ್ಟಗೆ ನಿಂತಿತ್ತು. ಸತ್ತ ಅಂಬಿಗ ಮತ್ತೆ ದೋಣಿ ನಡೆಸುತ್ತಿದ್ದ. ಆಡುವವರು ಇದೇ ವಿಷಯಕ್ಕೆ ಕೈಕೈ ಮಿಲಾಯಿಸುವುದೊಂದು ಬಾಕಿ ಇತ್ತು.

ಕಾಲಕ್ರಮ ಸರಿಪಡಿಸಿ ಕೊಡಿ ಎಂದು ಕಂಪನಿಯವರು ಗುರುಗಳಿಗೆ ಹೇಳಿ ಕಳಿಸಿದರು. ಗುರುಗಳ ಕಣ್ಣು ಮಂಜಾಗಿತ್ತು. ಹಾಗಾಗಿ ಕೆಲಸ ಕಲ್ಮೇಶನ ಪಾಲಿಗೆ ಬಂತು. ಇದು ಸರಿಹೋದರೆ ಮುಂದಿನ ಭಾಗದ ಕಥೆ ನಿಮ್ಮದೇ ಎಂದು ಕಂಪನಿ ಅವನಿಗೆ ಮಾತು ಕೊಟ್ಟಿತು.

ಕಲ್ಮೇಶ ಜಾಣ. ಆ ಜಾಣತನ ಅವನಿಗೆ ತುಸು ಭಾರವೇ ಆಗಿತ್ತು.

ಮಳೆಗಾಲವೆಲ್ಲ ಕೂತು ಕೆಲಸ ಮುಗಿಸಿ, ಒಂದು ಬೆಳಿಗ್ಗೆ ಗುರುಗಳ ಮುಂದೆ ಬಂದು ನಿಂತ.

“ಎಲ್ಲಾ ಹೊಂದಿಸೇನ್ರಿ ಗುರುಗಳ. ಇನ್ನ ಎಲ್ಲೂ ತಕರಾರಿಲ್ಲ.”

“ಹೆಂಗ ಹೊಂದಿಸಿದಿ?”

“ಮೂರನೇ ಭಾಗ ತಗದ ಹಾಕೇನ್ರಿ. ಊರು ಮುಳುಗೇ ಇಲ್ಲ ಅಂದ್ರ ಉಳಿದದ್ದೆಲ್ಲಾ ತಾನ ಕೂಡತೈತಿ.”

ಗುರುಗಳು ನೀರಿನ ಕಡೆ ಮುಖ ಮಾಡಿದರು.

“ಆ ಭಾಗ ಆಡೀಯೇನು?”

“ಇಲ್ರಿ, ಸಾರಾಂಶ ಓದೇನಿ. ಏನ ಮಾಡಿದ್ರೂ ಊರು ಮುಳುಗತೈತಂತ. ಗೆಲ್ಲಾಕ ಬರಲಾರದ ಆಟ ಯಾರ ಆಡತಾರ್ರೀ?”

“ಆಡಿ ಬಾ,” ಎಂದರು ಗುರುಗಳು.

ಹೊಸ ಕಾಲಕ್ರಮವನ್ನು ಆಗಲೇ ಕಂಪನಿಗೆ ಕಳಿಸಿಯಾಗಿತ್ತು. ಆ ವಿಷಯ ಕಲ್ಮೇಶ ಬಾಯಿಬಿಡಲಿಲ್ಲ. ಸುಮ್ಮನೆ ಹೋಗಿ ಆಟ ಹಚ್ಚಿದ.

ಹೊಳೆ ಏರುತ್ತಿತ್ತು. ಇದ್ದದ್ದು ಒಂದೇ ದೋಣಿ. ಅಂಬಿಗ ನಿಂಗಪ್ಪ ಹುಟ್ಟು ಹಿಡಿದು ಕಾಯುತ್ತಿದ್ದ. ಊರಿನವರು ತಂತಮ್ಮ ಮನೆಯ ಬಾಗಿಲುಗಳನ್ನು ಚೌಕಟ್ಟು, ಹೊಸ್ತಿಲ ಸಮೇತ ಕಿತ್ತು ಹೆಗಲ ಮೇಲೆ ಹೊತ್ತು ತಂದರು. ಜೀವ ಹೋಗುವ ಹೊತ್ತಿನಲ್ಲಿ ಇದೇನು ಹುಚ್ಚು ಎಂದು ಕಲ್ಮೇಶನಿಗೆ ಸಿಟ್ಟು ಬಂತು. ಬಾಗಿಲುಗಳನ್ನೆಲ್ಲ ದಂಡೆಯಲ್ಲೇ ಬಿಡಿಸಿ ಜನರನ್ನಷ್ಟೇ ದಾಟಿಸಿದ. ಉಳಿದ ಒಬ್ಬ ಮುದುಕಿಯನ್ನು ಕರೆತರಲು ಹೋದ ನಿಂಗಪ್ಪ ತಿರುಗಿ ಬರಲಿಲ್ಲ.

ಆಟ ಅಷ್ಟಕ್ಕೇ ಮುಗಿಯಲಿಲ್ಲ. ಬದುಕಿದವರು ಗುಡ್ಡದ ಮೇಲೆ ನೀರು ನೋಡುತ್ತ ಕೂತಿದ್ದರು. ಸಂಜೆಯಾಯಿತು. ಒಬ್ಬಳು ದೀಪ ಹಚ್ಚಿಕೊಂಡಳು. ಇಡಲು ಹೊಸ್ತಿಲಿರಲಿಲ್ಲ. ಕೈಯಲ್ಲಿ ದೀಪ ಹಿಡಿದು ಬಂಡೆಯಿಂದ ಬಂಡೆಗೆ ಅಲೆಯತೊಡಗಿದಳು. ಕಲ್ಮೇಶ ಯಾವ ಗುಂಡಿ ಒತ್ತಿದರೂ ಅವಳು ನಿಲ್ಲಲಿಲ್ಲ. ಅವನಿಗೆ ನೋಡಲಾಗಲಿಲ್ಲ.

ಮತ್ತೆ ಮೊದಲಿನಿಂದ ಆಡಿದ. ಈ ಸಲ ಬಾಗಿಲುಗಳನ್ನೂ ಹೇರಿಸಿದ. ನಿಂಗಪ್ಪ ಈ ಸಲವೂ ಉಳಿಯಲಿಲ್ಲ. ಆದರೆ ಗುಡ್ಡದ ಮೇಲೆ ಜನ ಆ ಬಾಗಿಲುಗಳನ್ನು ಬಯಲಿನಲ್ಲೇ ನಿಲ್ಲಿಸಿದರು. ಗೋಡೆಯಿಲ್ಲ, ಸೂರಿಲ್ಲ. ದೀಪ ಹಿಡಿದು ಅಲೆದಿದ್ದವಳು ಈಗ ಅದನ್ನು ತನ್ನ ಹೊಸ್ತಿಲ ಮೇಲಿಟ್ಟು ಪಕ್ಕದಲ್ಲಿ ಕೂತಳು.

ಆ ಬಾಗಿಲುಗಳನ್ನು ಕಲ್ಮೇಶ ಮೊದಲೇ ಕಂಡಿದ್ದ. ಐದನೇ ಭಾಗದ ಊರಿನಲ್ಲಿ ಒಂದು ಬಾಗಿಲೂ ಗೋಡೆಗೆ ಹೊಂದುತ್ತಿರಲಿಲ್ಲ. ಗೋಡೆ ಹೊಸದು, ಬಾಗಿಲು ಹಳೆಯದು. ಒಂದು ಗಿಡ್ಡ, ಇನ್ನೊಂದು ವಾರೆ. ಚಿತ್ರ ಬಿಡಿಸಿದವರ ತಪ್ಪು, ತಿದ್ದಿಬಿಡಿ ಎಂದು ಅವನೇ ಕಂಪನಿಗೆ ಬರೆದಿದ್ದ.

ಎದ್ದು ಗುರುಗಳ ಹತ್ತಿರ ಓಡಿದ.

“ಐದನೇ ಭಾಗದ್ದು ಬ್ಯಾರೇ ಊರೇನ್ರಿ ಗುರುಗಳ?”

“ಹೌದು.”

“ಹೆಸರು ಅದ ಐತಲ್ರಿ?”

“ಊರು ಕಳಕೊಂಡು ಬಂದವರು ಮತ್ತೇನ ಹೆಸರಿಡತಾರ?”

“ಅಂಬಿಗ ನಿಂಗಪ್ಪ?”

“ಅಂವ ಮೊಮ್ಮಗ. ಮುತ್ಯಾನ ಹೆಸರು ಇಟ್ಟಾರ. ನಿಮ್ಮ ಮನ್ಯಾಗ ಇಡೂದಿಲ್ಲೇನು?”

ಕಲ್ಮೇಶನಿಗೂ ಅವನ ಮುತ್ಯಾನದೇ ಹೆಸರು. ನಾಚಿಕೆಯಿಂದ ಅವನ ತಲೆ ತಗ್ಗಿತು.

“ಇದನ್ನ ಆಟದಾಗ ಎಲ್ಲೂ ಹೇಳಿಲ್ಲಲ್ರಿ?”

“ಹೇಳಬೇಕಾಗತೈತಿ ಅಂತ ಅನಿಸಿರಲಿಲ್ಲಪಾ.”

ಗುರುಗಳು ನೀರಿನತ್ತ ಕೈ ಮಾಡಿದರು. ಕಣ್ಣು ಕಾಣದಿದ್ದರೂ ಕೈ ತಡವರಿಸಲಿಲ್ಲ.

“ಆ ದಿನ್ನಿ ಐತಲಾ, ಅದರ ಆಚೀಕ ನಮ್ಮೂರು. ಡ್ಯಾಮ್ ಕಟ್ಟಿದಾಗಿಂದ ನೀರಿನ ಬುಡಕ.”

ಕಲ್ಮೇಶ ಕಂಪನಿಗೆ ಫೋನ್ ಹಚ್ಚಿದ. ಅಲ್ಲಿ ಹಬ್ಬದ ಸಡಗರ. ಹೊಸ ಕಾಲಕ್ರಮವನ್ನು ಜಗತ್ತಿಗೆಲ್ಲ ಸಾರಿ ಆಗಿತ್ತು. ಆಡುವವರು ಕುಣಿದಾಡುತ್ತಿದ್ದರು, ವರ್ಷಗಳ ಜಗಳ ಬಗೆಹರಿದಿತ್ತು. ಮೂರನೇ ಭಾಗ ಇನ್ನು ಮೇಲೆ ಎಲ್ಲೂ ಸಿಗುವುದಿಲ್ಲ ಎಂದರು. ಬಾಗಿಲುಗಳನ್ನೂ ಗೋಡೆಗೆ ಸರಿಯಾಗಿ ಕೂರಿಸಿದ್ದರು. ಹಿಂದಕ್ಕೆ ತೆಗೆದುಕೊಳ್ಳಿ ಎಂದು ಅವನು ಅಂಗಲಾಚಿದ. ಅವರು ನಕ್ಕು, ಮುಂದಿನ ಕಥೆ ನಿಮ್ಮದೇ, ಅಭಿನಂದನೆ ಎಂದು ಫೋನ್ ಇಟ್ಟರು.

ಕಲ್ಮೇಶ ಗುರುಗಳ ಮುಂದೆ ಬಂದು ನೆಲದ ಮೇಲೆ ಕೂತ.

“ನಿಮಗ ಹೇಳೂಕಿಂತ ಮೊದಲ ಕಳಿಸಿಬಿಟ್ಟಿದ್ನಿರಿ. ಇನ್ನ ಆ ಊರು ಮುಳುಗೇ ಇಲ್ಲ. ನಿಂಗಪ್ಪ ಸತ್ತೇ ಇಲ್ಲ. ಗುಡ್ಡದ ಮ್ಯಾಲ ಯಾರೂ ಕುಂತೇ ಇಲ್ಲ.”

ಗುರುಗಳು ಅವನ ದನಿ ಬಂದತ್ತ ತಿರುಗಿದರು.

“ಬೈರಿ ನನಗ. ಹೊರಗ ಹಾಕ್ರಿ. ಸುಮ್ಮನ ಕುಂದರಬ್ಯಾಡ್ರಿ ಗುರುಗಳ.”

ಗುರುಗಳು ಗೋಡೆ ತಡವುತ್ತ ಎದ್ದರು. ಒಳಗೆ ಹೋಗಿ ಒಂದು ತಂಬಿಗೆ ಹಿಡಿದು ಬಂದರು. ಅಳುತ್ತಿದ್ದವನ ಕೈ ಹುಡುಕಿ ಅದರಲ್ಲಿ ತಂಬಿಗೆಯಿಟ್ಟರು.

“ನಕಾಶದಾಗಿಂದ ನಮ್ಮೂರ ಹೆಸರು ತಗ್ಯಾಕ ಬಂದಾಂವನೂ ನಿನ್ನಂಗ ಶಾಣ್ಯಾ ಹುಡುಗನ ಇದ್ದ. ಬಿಸಲಾಗ ಬಂದಿದ್ದ. ನಮ್ಮವ್ವ ಅವಂಗೂ ಮಜ್ಜಿಗಿ ಕೊಟ್ಟಿದ್ಲು. ಕುಡಿ.”