ನೆಲಕ್ಕೆ ಗಲ್ಲ ಹಚ್ಚಿ

ಗುರುಪಾದಯ್ಯನವರು ಹೊಳೆದಂಡೆಯ ಪವರ್ ಹೌಸಿನಲ್ಲಿ ಮೂವತ್ತು ವರ್ಷ ಯಂತ್ರಗಳನ್ನು ನೋಡಿಕೊಂಡವರು. ಈಗ ಎದುರು ದಂಡೆಯ ಮಠದ ಪಡಸಾಲೆಯಲ್ಲಿ ಕೂತು, ಬಂದವರಿಗೆ ಪಾಠ ಹೇಳುತ್ತಾರೆ.

ಶಿಷ್ಯೆ ನೀಲಾಂಬಿಕೆ ಅದೇ ಪವರ್ ಹೌಸಿನ ಇಂಜಿನಿಯರ್. ಹೊಸ ಜನರೇಟರಿನ ಶಾಫ್ಟನ್ನು, ಅದನ್ನು ತಿರುಗಿಸುವ ಉಕ್ಕಿನ ದಂಡವನ್ನು, ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ, ತಿರುಗಿಸಿ, ದೋಷವಿಲ್ಲವೆಂದು ಅವಳು ಸಹಿ ಹಾಕಬೇಕು. ನಿಜವಾದ ಯಂತ್ರ ಶುರುವಾಗುವುದು ಆಮೇಲೆ.

"ಶಾಫ್ಟಿನ ಮ್ಯಾಲಿನ ತಿರುಚುಬಲ ತೋರ್ಸೂ ಗೆರಿ ನೆಟ್ಟಗೈತ್ರಿ ಅಜ್ಜಾರ," ಎಂದಳು.

"ಎಷ್ಟೊತ್ತು ನೋಡಿದಿ?"

"ಹತ್ತು ಸೆಕೆಂಡ್. ಆಫೀಸಿನಾಗ ಎಲ್ಲಾರೂ ನೋಡೂದು ಅಷ್ಟರಿ."

"ಹತ್ತು ನಿಮಿಷ ತಿರುಗ್ಸು. ಆ ಗೆರಿ ಕಾಗದದ ಮ್ಯಾಲೆ ತಗೊಂಡು ಬಾ."

ಮರುದಿನ ಹತ್ತು ಸೆಕೆಂಡಿಗೊಂದರಂತೆ ಅರವತ್ತು ಹಾಳೆ ತಂದಳು. ಗುರುಗಳು ಗಂಜಿ ಹಚ್ಚಿ ಒಂದಕ್ಕೊಂದು ಅಂಟಿಸಿದರು. ಕಾಗದ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಮುಟ್ಟಿತು.

ನೀಲಾಂಬಿಕೆ ನಿಂತುಕೊಂಡೇ ಒಂದೊಂದು ಹಾಳೆ ನೋಡುತ್ತ ಹೋದಳು. "ಏನೂ ಇಲ್ರಿ."

"ಬಡಿಗ ಹಲಗಿ ಹೆಂಗ ನೋಡ್ತಾನ? ಹಂಗ ನೋಡು."

ಅವಳು ಕಾಗದದ ತುದಿಯಲ್ಲಿ ಮಲಗಿ, ನೆಲಕ್ಕೆ ಗಲ್ಲ ಹಚ್ಚಿ, ಒಂದು ಕಣ್ಣು ಮುಚ್ಚಿದಳು.

ನೆಟ್ಟಗಿದ್ದ ಗೆರೆ ನೆಟ್ಟಗಿರಲಿಲ್ಲ. ನಿದ್ದೆ ಹೋದವರ ಹೊಟ್ಟೆಯ ಹಾಗೆ ನಿಧಾನವಾಗಿ ಏರುತ್ತಿತ್ತು, ನಿಧಾನವಾಗಿ ಇಳಿಯುತ್ತಿತ್ತು. ಪ್ರತಿ ಸಲ ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚು. ಅವಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಭಯವಾಯಿತು.

"ಇದು ಹಿಂಗ ಬೆಳಕೋಂತ ಹೋದ್ರ ಶಾಫ್ಟ್ ಮುರಿತೈತ್ರಿ. ಬಾಜೂಕ ನಿಂತಾವ್ರು ಉಳಿಯೂದಿಲ್ಲ."

"ಮತ್ತ?"

"ಸಹಿ ಮಾಡೂದಿಲ್ರಿ."

ಮೂರನೆಯ ದಿನ ಆಫೀಸಿನ ಸಾಹೇಬರೇ ದೋಣಿ ಹತ್ತಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಹಾಳೆಗಳ ಮೇಲೆಯೇ ನಿಂತರು.

"ಸೋಮವಾರ ಉದ್ಘಾಟನೆ ಐತಿ. ಕಂಪ್ಯೂಟರಿನಾಗಿನ ಶಾಫ್ಟ್ ತೂಗಾಡಿದ್ರ ಯಾರಪ್ಪನ ಗಂಟು ಹೋಗ್ತೈತಿ? ಆ ಗೆರಿ ಅಳಿಸಿ ಸಹಿ ಮಾಡವ್ವ. ಇಲ್ಲಾಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ." ಪೆನ್ನಿನ ಮುಚ್ಚಳ ತೆಗೆದು ಚಾಚಿದರು.

ಆ ಕೆಲಸದ ಮೇಲೇ ನೀಲಾಂಬಿಕೆಯ ಮನೆ ನಡೆಯುತ್ತಿತ್ತು. ಪೆನ್ನು ತೆಗೆದುಕೊಂಡಳು, ಮುಚ್ಚಳ ಹಾಕಿದಳು, ಸಾಹೇಬರ ಕಿಸೆಗೇ ಸಿಕ್ಕಿಸಿದಳು.

"ಒಮ್ಮೆ ಮಲಗಿ ನೋಡ್ರಿ ಸರ್."

ಸಾಹೇಬರ ಮುಖ ಕೆಂಪಾಯಿತು. "ನಾನು? ನೆಲದ ಮ್ಯಾಲೆ? ಅಜ್ಜಾರ, ಈಕಿಗೆ ಚೂರು ಬುದ್ಧಿ ಹೇಳ್ರಿ."

ಗುರುಪಾದಯ್ಯನವರು ಹೆಗಲ ಮೇಲಿನ ವಸ್ತ್ರದಿಂದ ನೆಲ ಒರೆಸಿ, ಜಾಗ ತೋರಿಸಿದರು.

"ಬಗ್ಗಾಕ ಆಗೂದಿಲ್ಲಂದ್ರ ನೀವೇ ಸಹಿ ಮಾಡ್ರಿ, ಸಾಹೇಬ್ರ. ಪೆನ್ನು ನಿಮ್ಮ ಕಿಸೆದಾಗ ಐತಿ."