ಮೈನಸ್ ಐದು ಅಡಿಯ ಮೇಜು

ನಮ್ಮೂರ ಸಂಜೆ ಕಾಲೇಜಿನಲ್ಲಿ ಬೀಜಗಣಿತದ ಮೇಷ್ಟ್ರೊಬ್ಬರಿದ್ದರು. ಅವರ ಗರ್ವಕ್ಕೆ ಬಾಗಿಲು ಸಾಲದೆ ಅಡ್ಡಡ್ಡಲಾಗಿ ಒಳಗೆ ಬರುತ್ತಿದ್ದರು! ಅವರ ತರಗತಿಯಲ್ಲಿ ನಲವತ್ತು ದಾಟಿದ ಬಡಗಿಯೊಬ್ಬ ಕೂರುತ್ತಿದ್ದ. ಪಾಸಾದರೆ ಅವನಿಗೆ ಸರ್ಕಾರಿ ವರ್ಕ್‌ಶಾಪಿನಲ್ಲಿ ಮೇಸ್ತ್ರಿ ಕೆಲಸ ಖಾಯಂ.

ಪರೀಕ್ಷೆಯಲ್ಲಿ ಒಂದು ಲೆಕ್ಕ ಬಂತು. ಮೇಜಿನ ಉದ್ದ ಅಗಲಕ್ಕಿಂತ ಎರಡಡಿ ಹೆಚ್ಚು, ಹಲಗೆ ಹದಿನೈದು ಚದರಡಿ, ಅಗಲ ಎಷ್ಟು? ಬಡಗಿ ‘ಮೂರಡಿ’ ಅಂತ ಬರೆದ. ಮೇಷ್ಟ್ರು ಸೊನ್ನೆ ಸುತ್ತಿದರು.

“ಸೂತ್ರ ಹಾಕಿದರೆ ಮೈನಸ್ ಐದೂ ಬರುತ್ತದಲ್ಲೋ, ಉಳಿ ಹಿಡಿಯುವವನೇ! ಎರಡೂ ಸರಿಸಮ. ಒಂದನ್ನೇ ಬರೆದ ನೀನು ಫೇಲು.”

“ಆಗಲಿ ಸ್ವಾಮಿ,” ಅಂದ ಬಡಗಿ. ಮೇಷ್ಟ್ರ ಮುರುಕು ಮೇಜನ್ನು ತೆಗೆದು ಅದೇ ಲೆಕ್ಕದ ಅಳತೆಯ ಹೊಸದನ್ನು ಇಡಬೇಕಾಗಿದ್ದವನೂ ಅವನೇ.

ಮರುದಿನ ಮೇಷ್ಟ್ರು ಎಂದಿನಂತೆ ಮೂಗು ಮೇಲೆತ್ತಿಕೊಂಡೇ ಬಂದು ಪುಸ್ತಕದ ಕಟ್ಟನ್ನು ರಪ್ಪನೆ ಇಟ್ಟರು. ಅದು ಅವರ ಕಾಲ ಮೇಲೇ ಬಿತ್ತು.

“ಅಯ್ಯಯ್ಯೋ! ಮೇಜೆಲ್ಲೋ?”

“ಮುಂದೆಯೇ ಇದೆಯಲ್ಲ ಸ್ವಾಮಿ, ಮೈನಸ್ ಐದಡಿಯದ್ದು. ಮೂರಡಿಯದ್ದನ್ನು ಜವಾನನಿಗೆ ಟೀ ಇಡಲು ಕೊಟ್ಟೆ. ಎರಡೂ ಸರಿಸಮ ಅಂದಿರಲ್ಲ?”

ತರಗತಿ ನಕ್ಕ ನಗುವಿಗೆ ಸೂರಿನ ಹೆಂಚುಗಳು ಹಾರಿದವು. ಮೇಷ್ಟ್ರು ಒಂಟಿಕಾಲಲ್ಲಿ ಕುಂಟುತ್ತ, “ಮೂರಡಿಯದ್ದೇ ಸರಿ, ಅದನ್ನೇ ತಾರಯ್ಯ,” ಅಂದರು.

“ಆ ಮಾತನ್ನು ನನ್ನ ಉತ್ತರಪತ್ರಿಕೆ ಮೇಲೆ ಬರೆದುಕೊಡಿ ಸ್ವಾಮಿ. ಈಗಲೇ ತರುತ್ತೇನೆ.”