ನಾಯಿಯ ಹಾಲುಹಲ್ಲು

"ಗುರುಗಳೇ, ನಂಬಿದರೆ ನಂಬಿ, ಇಲ್ಲದಿದ್ದರೆ ಬಿಡಿ. ಮನೆತನದ ಇಪ್ಪತ್ತು ತಲೆಮಾರಿನ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಬಲ್ಲವನು ಸುತ್ತ ಏಳು ಹಳ್ಳಿಯಲ್ಲಿ ನಾನೊಬ್ಬನೇ. ಮೂಲವನ್ನು ಇಷ್ಟು ಬಲ್ಲ ನನಗೂ ಮನೆಯ ಹಂಬಲ ಏಕೆ ತೀರದು?" ಎಂದು ಮನೆ ಬಿಟ್ಟು ಬಂದಿದ್ದ ಶಿಷ್ಯ ಮಾಳಿಂಗ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕುರಿಗಾರನಿದ್ದ. ತನ್ನ ನಾಯಿಯಂಥ ನಾಯಿ ಭೂಮಿಯ ಮೇಲಿಲ್ಲ ಎಂದು ಜಂಬ ಕೊಚ್ಚುತ್ತಿದ್ದ. ಒಂದು ದಿನ ತೋಳ ಬಂದು ಕುರಿಮರಿಯೊಂದನ್ನು ಹೊತ್ತೊಯ್ದಿತು. "ಎಲ್ಲಪ್ಪಾ ನಿನ್ನ ಶೂರ? ಗೊರಕೆ ಹೊಡೆಯುತ್ತಿದ್ದನೋ?" ಎಂದು ಜೊತೆಯವರು ನಕ್ಕರು. ಅವಮಾನ ತಡೆಯದೆ ಅವನು ನಾಯಿಯ ಮೇಲೆ ಕಲ್ಲೆತ್ತಿ "ಹಚಾ!" ಎಂದು ಅಟ್ಟಿದ. ನಾಯಿ ಅವನ ಮುಖವನ್ನೊಮ್ಮೆ ನೋಡಿ ಹೊರಟುಹೋಯಿತು. ಮರಳಲಿಲ್ಲ.

ಸಂಜೆಯಾದರೆ ಅವನು ದಿಬ್ಬ ಹತ್ತಿ "ಕುರೋ, ಕುರೋ" ಎಂದು ನಾಯಿಯನ್ನು ಕರೆಯುತ್ತಿದ್ದ. ಕುರಿಗಳಷ್ಟೇ ತಲೆಯೆತ್ತುತ್ತಿದ್ದವು. ನಾಯಿ ಮರಿಯಾಗಿದ್ದಾಗ ಉದುರಿದ ಒಂದು ಹಾಲುಹಲ್ಲು ಅವನ ಕಂಬಳಿಯ ಗಂಟಿನಲ್ಲಿತ್ತು. ಉಳಿದದ್ದು ಅದೊಂದೇ.

ಮೂರು ವರ್ಷದ ಮೇಲೆ ಒಬ್ಬ ಪಂಡಿತ ಬಂದು ಆ ದಿಬ್ಬವನ್ನು ಅಗೆದ. ಹಳೆಯ ಸಮಾಧಿಯೊಂದು ಸಿಕ್ಕಿತು. ಮನುಷ್ಯನ ಎಲುಬಿನ ಮಗ್ಗುಲಲ್ಲೇ ನಾಯಿಯ ಎಲುಬು. "ನಾನು ನಾಯಿಗಳ ಜಾಡು ಹಿಡಿಯುವವನು. ಒಂದು ಹಲ್ಲು ಕೊಟ್ಟರೆ ಸಾಕು" ಎಂದ ಪಂಡಿತ. ಕುರಿಗಾರ ಗಡಬಡಿಸಿ ಗಂಟು ಬಿಚ್ಚಿದ.

ಅಂದಿನಿಂದ ಮೇವು ಮುಗಿದರೂ ಅವನು ಆ ಬಯಲು ಬಿಡಲಿಲ್ಲ. ದಿನವೂ ನಾಯಿಯ ಪಾಲಿನ ರೊಟ್ಟಿಯನ್ನು ತೆಗೆದಿಟ್ಟ. ವರ್ಷ ಕಳೆದು ಪಂಡಿತ ಬಂದ.

"ಜಾಡು ಸಿಕ್ಕಿತೇ ಸ್ವಾಮಿ?"

"ಸಿಕ್ಕಿತು. ವಂಶದ ಗುರುತು ಹಲ್ಲಿನ ಪುಡಿಯಲ್ಲೇ ಇರುತ್ತದೆ. ಸಮಾಧಿಯ ನಾಯಿಯ ಕುಲವೇ ನಿನ್ನ ನಾಯಿಯದು. ಮೂರು ಸಾವಿರ ವರ್ಷದಿಂದ ಆ ಕುಲ ಮನುಷ್ಯನ ಬೆನ್ನು ಬಿಟ್ಟಿಲ್ಲ."

"ಅದಿರಲಿ, ಈಗ ಅದು ಎಲ್ಲಿದೆ?"

"ಅದು ನನಗೇನು ಗೊತ್ತು? ಎಲ್ಲಿಂದ ಬಂತು ಎಂಬುದಷ್ಟೇ ನನ್ನ ವಿದ್ಯೆ."

ಕುರಿಗಾರ ದಿಬ್ಬದತ್ತ ತಿರುಗಿದ. "ಮೂರು ಸಾವಿರ ವರ್ಷ ಬಿಡದಿದ್ದದ್ದು ನನ್ನ ಒಂದು ಮಾತಿಗೆ ಬಿಟ್ಟಿತು" ಎಂದ.

ಪುಡಿ ಮಾಡಿ ಉಳಿದಿದ್ದ ಅರ್ಧ ಹಲ್ಲನ್ನು ಪಂಡಿತ ಅವನ ಅಂಗೈಯಲ್ಲಿಟ್ಟ. ಅವನಿಗೆ ಕೊನೆಗೆ ಸಿಕ್ಕಿದ್ದು ಅಷ್ಟೇ.

ಮಾಳಿಂಗ ನಕ್ಕುಬಿಟ್ಟ. "ಎಂಥ ಹೆಡ್ಡನವನು, ಗುರುಗಳೇ! ಜಾಡು ಅಂದರೆ ಯಾವ ಜಾಡು ಎಂದು ಮೊದಲೇ ಕೇಳಬಾರದಿತ್ತೇ?"

ಗುರುಗಳು ನಗಲಿಲ್ಲ.

"ಇಪ್ಪತ್ತು ಹೆಸರು ಇರಲಿ ಮಾಳಿಂಗ, ಮನೆ ಬಿಡುವಾಗ ನೀನು ಯಾರಿಗೆ ಹಚಾ ಎಂದು ಬಂದೆ?"